ನಾಲ್ಕು ಬೆರಳು ಎತ್ತರದವಳು

"ಶೂ ಬಿಚ್ಚಿ."

ವ್ಯಾನಿನೊಳಗೆ ಮಂಡಿಯೂರಿ ಕೂತಿದ್ದವಳು ತಲೆ ಎತ್ತದೆ ಹೇಳಿದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟಿದ್ದ ಗಂಡಸು ಹಿಂದೆ ತಿರುಗಿ ನೋಡಿದ. ಮಾತು ಬೇರೆ ಯಾರಿಗಾದರೂ ಇರಬಹುದೇನೋ ಎಂಬ ಆಸೆ. ಹಿಂದೆ ಯಾರೂ ಇರಲಿಲ್ಲ.

"ಇದು ನನ್ನ ಗಾಡಿ," ಎಂದ.

"ಗಾಡಿ ನಿಮ್ಮದೇ ಇರಬಹುದು. ನೀವು ತುಳೀತಿರೋದು ನನ್ನ ರೆಕ್ಸಿನ್."

ಅವನು ಕೆಳಗೆ ನೋಡಿದ. ಹಾಸಿದ್ದ ಹೊಸ ಬೂದು ರೆಕ್ಸಿನ್ ಮೇಲೆ ಅವನ ಶೂ ಠಸ್ಸೆ ಒತ್ತಿದ ಹಾಗೆ ಕೂತಿತ್ತು. ಬೇರೆ ಗಿರಾಕಿಯಾಗಿದ್ದರೆ ಇಷ್ಟು ಹೊತ್ತಿಗೆ 'ಯಜಮಾನರನ್ನ ಕರಿ' ಎಂದು ಕೂಗು ಹಾಕಿರುತ್ತಿದ್ದ. ಇವನು ಒಂಟಿಕಾಲಲ್ಲಿ ತೂಗಾಡುತ್ತ ಶೂ ಬಿಚ್ಚಿದ. ಎರಡನ್ನೂ ಎದೆಗೆ ಅವಚಿಕೊಂಡು ಬಗ್ಗಿ, ಗುರುತನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ.

ಆಗ ಅವಳು ತಲೆ ಎತ್ತಿದಳು.

ಅಷ್ಟೇ. ಆವತ್ತಿನಿಂದ ಅವಳ ನೆಮ್ಮದಿಗೆ ಗೆದ್ದಲು ಹಿಡಿಯಿತು.

ಹೆದ್ದಾರಿಯ ಮಗ್ಗುಲಲ್ಲಿ ಹನ್ನೆರಡು ತಗಡಿನ ಶೆಡ್ಡುಗಳ ಸಾಲು. ಹಳೆಯ ವಾಹನಗಳು ಏದುಸಿರು ಬಿಡುತ್ತ ಅಲ್ಲಿಗೆ ಬರುತ್ತವೆ. ಒಂದು ಶೆಡ್ಡಿನಲ್ಲಿ ತಗಡು, ಇನ್ನೊಂದರಲ್ಲಿ ಬಣ್ಣ, ಮತ್ತೊಂದರಲ್ಲಿ ವೈರಿಂಗ್ ಮುಗಿಸಿಕೊಂಡು ಪ್ರಾಯ ಬಂದವರಂತೆ ಹೊರಡುತ್ತವೆ. ಸೀಟು ಹೊಲಿಯುವ ಶೆಡ್ಡು ಇವಳದು. ಬೋರ್ಡಿನ ಮೇಲೆ ಮಾತ್ರ ತೀರಿಹೋದ ಅಪ್ಪನ ಹೆಸರು, ಪಕ್ಕದಲ್ಲಿ 'ಮತ್ತು ಮಗ' ಎಂದು. ಮಗ ಎಂದರೆ ಅಣ್ಣ. ಗಿರಾಕಿಗಳ ಜೊತೆ ಮಾತಾಡುವುದು ಅವನ ಕೆಲಸ. ಉಳಿದದ್ದು, ಅಂದರೆ ನಿಜವಾದ ಕೆಲಸವೆಲ್ಲ, ತಂಗಿಯದು. ಹದಿನೈದು ವರ್ಷದಿಂದ ತಂಗಿಯದು.

ಶೆಡ್ಡಿನ ಸಾಲಿನಲ್ಲಿ ಅವಳನ್ನು ಸೂಜಿ ಎನ್ನುತ್ತಿದ್ದರು. ಕಸುಬಿಗೆ ಇಟ್ಟ ಹೆಸರು ಎಂದು ಕೆಲವರು, ನಾಲಿಗೆಗೆ ಇಟ್ಟದ್ದು ಎಂದು ಉಳಿದವರು. ಅವಳು ಎರಡಕ್ಕೂ ಬೇಸರ ಮಾಡಿಕೊಂಡವಳಲ್ಲ.

ಬಂದವನು ಬಡಗಿ. ಊರೂರಿಗೆ ಬ್ರೆಡ್ ಹಂಚುತ್ತಿದ್ದ ಹಳೆಯ ವ್ಯಾನೊಂದನ್ನು ಕೊಂಡಿದ್ದ. ಅದರೊಳಗೆ ಮಂಚ, ಅಡುಗೆಕಟ್ಟೆ, ಕಪಾಟು, ನೀರಿನ ತೊಟ್ಟಿ ಎಲ್ಲ ಕೂಡಿಸಿ ಗಾಲಿಯ ಮೇಲಿನ ಮನೆ ಮಾಡುವುದು ಅವನ ಎಣಿಕೆ. ಬೇರೆಯವರಿಗೆ ಅಂಥ ಮೂರು ಕ್ಯಾಂಪರ್ ವ್ಯಾನ್ ಕಟ್ಟಿಕೊಟ್ಟಿದ್ದ. ಇದು ನಾಲ್ಕನೆಯದು, ತನಗೇ. ಅದಕ್ಕಾಗಿ ಇವಳ ಪಕ್ಕದ ಖಾಲಿ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದ.

ಎರಡು ಶೆಡ್ಡಿನ ನಡುವೆ ಇದ್ದದ್ದು ಒಂದು ತಗಡು. ಆಚೆ ಮರ ನುಣುಪು ಮಾಡುವ ಅವನ ಉಜ್ಜುಗೊರಡು, ಈಚೆ ಅವಳ ಮಷೀನು. ಮಷೀನು ನಿಂತರೆ ಉಜ್ಜುಗೊರಡೂ ನಿಲ್ಲುತ್ತಿತ್ತು. ಮತ್ತೆ ಇದು ಶುರುವಾದರೆ ಅದೂ ಶುರು. ತಿಂಗಳೊಳಗೆ ಇದು ಸಾಲಿನ ಹನ್ನೆರಡು ಶೆಡ್ಡಿಗೂ ಗೊತ್ತಾಯಿತು. ಅವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವರಂತೆ ಇದ್ದರು.

ಬುತ್ತಿ ಕೊಡಲು ಬಂದ ಅತ್ತಿಗೆ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲ ಕಣೆ, ಮರ ಕುಯ್ಯೋದು ಅವನು. ತಾಳಕ್ಕೆ ತಲೆ ಆಡಿಸೋದು ನೀನ್ಯಾಕೆ?"

"ಸೊಳ್ಳೆ ಓಡಿಸ್ತಿದ್ದೆ, ಅತ್ತಿಗೆ."

"ಹಾಂ. ಆರಡಿ ಸೊಳ್ಳೆ."

ದಿನವೂ ಮಧ್ಯಾಹ್ನ ಮೂರಕ್ಕೆ ಅವರು ಒಟ್ಟಿಗೆ ಚಹಾ ಕುಡಿಯುತ್ತಿದ್ದರು. 'ನೀವು' ಹೋಗಿ 'ನೀನು' ಬಂದದ್ದು ಯಾವ ದಿನವೆಂದು ಇಬ್ಬರಿಗೂ ನೆನಪಿಲ್ಲ. ಅವನು ತನ್ನ ಕೆಲಸದ ಕ್ರಮ ವಿವರಿಸುತ್ತಿದ್ದ. ಟೇಪು ಹಿಡಿದು ಮನೆ ಕಟ್ಟಬಹುದು, ಆದರೆ ಗಾಡಿಯೊಳಗೆ ಬೆರಳಗಲವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಇರುವವರ ಮೈಗೆ ತಕ್ಕಂತೆ ಕಟ್ಟಬೇಕು. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಕೋಲು. ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲೊಂದು ಗೀಟು, ಅದು ಅಡುಗೆಕಟ್ಟೆ. ಕಣ್ಣಿನ ನೇರಕ್ಕೆ ಇನ್ನೊಂದು, ಅದು ಕನ್ನಡಿ. ಎತ್ತಿದ ಕೈ ಮುಟ್ಟುವ ಕಡೆ ಮತ್ತೊಂದು, ಅದು ಮೇಲಿನ ಕಪಾಟು. ಕೋಲು ಇದ್ದರೆ ಆ ಮನುಷ್ಯರೇ ಪಕ್ಕದಲ್ಲಿ ನಿಂತ ಹಾಗೆ ಎನ್ನುತ್ತಿದ್ದ.

ಒಂದು ದಿನ ಅವಳು, ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿಬಿಟ್ಟಳು. ಶಾಲೆಯ ಬಸ್ಸು, ಲಾರಿ, ಪ್ರವಾಸದ ವ್ಯಾನು, ಎಷ್ಟಕ್ಕೆ ಸೀಟು ಹೊಲಿದಿದ್ದಾಳೋ ಎಣಿಕೆಯಿಲ್ಲ. ಅವಳು ಹೋದ ಅತಿ ದೂರದ ಜಾಗ ಎಂದರೆ ಮನೆಯಿಂದ ಹೊರಡುವ ಬಸ್ಸಿನ ಕೊನೆಯ ಸ್ಟಾಪು.

"ನಾನು ಹೊಲಿದ ಸೀಟುಗಳು ಸಮುದ್ರ ನೋಡಿದಾವೆ," ಎಂದಳು. "ನಾನು ನೋಡಿಲ್ಲ."

ಅವನು ಲೋಟ ಕೆಳಗಿಟ್ಟು ಎದ್ದುಹೋದ.

ಅವಳ ಮುಖ ಸಪ್ಪಗಾಯಿತು. 'ಹೇಳಬಾರದಿತ್ತು. ಬಾಯಿ ಬಿಟ್ಟು ಬಣ್ಣಗೇಡಾದೆ,' ಎಂದು ತನ್ನನ್ನೇ ಬೈದುಕೊಂಡಳು. ಅವನು ಎದ್ದುಹೋದದ್ದು ಒಂದು ಹೊಸ ಕೋಲು ಕಡಿಯಲು ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಮೂರು ವಾರ ಕಳೆದ ಮೇಲೆ ಬಡಗಿ ಮಂಚದ ಮೆತ್ತೆಗೆ ಹೇಳಿದ. ಆರಡಿ ಉದ್ದ, ನಾಲ್ಕಡಿ ಅಗಲ, ಒಂದೇ ಮೆತ್ತೆ.

ಅವಳ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ನಾಲ್ಕಡಿ ಅಗಲ ಒಬ್ಬನಿಗೆ ಯಾಕೆ?

ಅಂಚು ಅಳೆಯಲೆಂದು ವ್ಯಾನಿಗೆ ಹತ್ತಿದಳು. ಅವನು ಮೊಳೆ ತರಲು ಹೋಗಿದ್ದ. ಗೋಡೆಗೆ ಎರಡು ಕೋಲು ಒರಗಿದ್ದವು. ಒಂದು ಅವನದು, ಉದ್ದದಿಂದಲೇ ಗೊತ್ತಾಯಿತು. ಇನ್ನೊಂದು ಸ್ವಲ್ಪ ಗಿಡ್ಡ. ಮೊಣಕೈಯ ಗೀಟು, ಕಣ್ಣಿನ ಗೀಟು, ನೆತ್ತಿಯ ಗೀಟು. ನೆತ್ತಿಯ ಮೇಲೆ ಇನ್ನೊಂದು ಚಿಕ್ಕ ಗೀಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ. 'ತುರುಬು.'

ಅವಳು ಆ ಪದವನ್ನು ಎರಡು ಸಲ ಓದಿದಳು.

ಹೆಣ್ಣು! ತುರುಬು ಛಾವಣಿಗೆ ತಗುಲಬಾರದೆಂದು ಅದಕ್ಕೂ ಜಾಗ ಬಿಟ್ಟಿದ್ದಾನೆ. ಎಷ್ಟು ಸಲ ನೋಡಿರಬೇಕು ಆ ತುರುಬನ್ನು...

ನಾಚಿಕೆ ಬಿಟ್ಟು ಕೋಲಿನ ಪಕ್ಕ ನಿಂತಳು. ಅವಳ ಮೊಣಕೈಗಿಂತ ಗೀಟು ನಾಲ್ಕು ಬೆರಳು ಮೇಲಿತ್ತು. ಕಣ್ಣಿನದೂ ನಾಲ್ಕು ಬೆರಳು ಮೇಲೆ. ಒಂದು ಚಿಕ್ಕ ಆಸೆ, ಬಾಯಿಗೆ ಬರುವ ಮೊದಲೇ ಸತ್ತಿತು. ಇವಳು ಅಲ್ಲ. ಯಾರೋ ಎತ್ತರದವಳು. ಉದ್ದನೆಯ ಕತ್ತಿನವಳು. ಎತ್ತಿದ ಕೈಗೆ ಸಲೀಸಾಗಿ ಎಲ್ಲವೂ ಸಿಗುವಂಥವಳು.

ಆ ಕೋಲು ಯಾರದೆಂದು ನಿಮ್ಮಿಂದ ಮುಚ್ಚಿಟ್ಟು ಕೊನೆಯಲ್ಲಿ ಬಾಣ ಬಿಡುವ ಆಸೆ ನನಗಿಲ್ಲ. ಅದು ಇವಳದೇ.

ಚಹಾದ ಲೋಟ ವಾಪಸು ಕೊಡುವ ನೆಪದಲ್ಲಿ ಬಡಗಿ ಅವಳ ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವಳು ಮೇಜಿನ ಮುಂದೆ ನಿಂತು ರೆಕ್ಸಿನ್ ಕತ್ತರಿಸುತ್ತಿರುತ್ತಿದ್ದಳು. ಹಿಂದಿನ ತಗಡಿನ ತುಂಬ ಮೊಳೆಗಳ ಸಾಲು. ಮೊಣಕೈ ಯಾವ ಮೊಳೆಯ ನೇರಕ್ಕೆ, ಕಣ್ಣು ಯಾವುದರ ನೇರಕ್ಕೆ ಎಂದು ಗಟ್ಟಿ ಮಾಡಿಕೊಂಡು, ಅವಳು ಬುತ್ತಿ ಉಣ್ಣಲು ಹೊರಗೆ ಹೋದಾಗ ಬಂದು ಆ ಮೊಳೆಗಳ ಎತ್ತರವನ್ನು ಕೋಲಿಗೆ ಇಳಿಸಿಕೊಂಡಿದ್ದ. ಕೇಳಿ ಅಳೆದರೆ ಗುಟ್ಟು ರಟ್ಟಾಗುತ್ತದಲ್ಲ. ಅರ್ಧ ಮುಗಿದ ಕೆಲಸವನ್ನು ಯಾರಿಗೂ ತೋರಿಸಬಾರದು, ಎಲ್ಲ ಮುಗಿದ ಮೇಲೆ ಬಾಗಿಲು ತೆಗೆದು 'ಬಾ' ಎನ್ನಬೇಕು ಎಂಬುದು ಅವನ ಹಟ.

ಆದರೆ ಆ ಮೇಜು ಅಪ್ಪನ ಎತ್ತರಕ್ಕೆ ಮಾಡಿಸಿದ್ದು. ಅಪ್ಪ ಹೋದ ಮೇಲೂ, ಅದರ ಮುಂದೆ ನಿಲ್ಲುವವಳು ಇವಳೊಬ್ಬಳೇ ಆದ ಮೇಲೂ, ಅದರ ಕಾಲು ಕೊಯ್ದು ತಗ್ಗಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೇಜನ್ನು ತಗ್ಗಿಸುವುದಕ್ಕಿಂತ ಹೆಣ್ಣನ್ನು ಎತ್ತಿ ನಿಲ್ಲಿಸುವುದು ಸುಲಭವೆಂದು ಕಾಲಡಿಗೆ ಒಂದು ಹಲಗೆ ಹಾಕಿಕೊಟ್ಟಿದ್ದರು. ನಾಲ್ಕು ಬೆರಳು ದಪ್ಪದ ಹಲಗೆ. ಹದಿನೈದು ವರ್ಷ ಅದರ ಮೇಲೆ ನಿಂತಿದ್ದವಳಿಗೇ ಅದು ಮರೆತುಹೋಗಿತ್ತು. ಸುತ್ತ ಸದಾ ಮೊಣಕಾಲೆತ್ತರ ಫೋಮಿನ ಚೂರು ಬಿದ್ದಿರುತ್ತಿದ್ದರಿಂದ ಬಡಗಿಯ ಕಣ್ಣಿಗೆ ಅದು ಬೀಳಲೇ ಇಲ್ಲ. ಚಹಾ ಕುಡಿಯುವಾಗ ಪಕ್ಕದಲ್ಲೇ ನಿಲ್ಲುವವಳು ಸ್ವಲ್ಪ ಗಿಡ್ಡ ಕಾಣುತ್ತಾಳೆ ಎನ್ನಿಸಿದ್ದುಂಟು. ಅವನು ಕಣ್ಣಿಗಿಂತ ಕೋಲನ್ನು ನಂಬುವವನು.

ಹೀಗೆ, ಅವಳು ತನ್ನ ಮೇಲೆಯೇ ಹೊಟ್ಟೆಕಿಚ್ಚು ಪಡತೊಡಗಿದಳು. ಅದು ನಗುವ ಮಾತಲ್ಲ. ಆ ಉರಿ ಉರಿದವರಿಗೇ ಗೊತ್ತು.

ಕಿಚ್ಚಿಗೆ ಗಾಳಿ ಬೇಕಿತ್ತು. ಅದು ಮರುವಾರ ಬಂತು, ತನ್ನದೇ ಗಾಡಿಯಲ್ಲಿ.

ಹಸಿರು ಬಣ್ಣದ ಕ್ಯಾಂಪರ್ ವ್ಯಾನೊಂದು ಶೆಡ್ಡಿನ ಮುಂದೆ ಒಂದೇ ಏಟಿಗೆ ಹಿಮ್ಮುಖವಾಗಿ ಬಂದು ನಿಂತಿತು. ಇಳಿದವಳು ಎತ್ತರದ ಹೆಂಗಸು. ಉದ್ದ ಕತ್ತು, ಅರ್ಧ ನರೆತ ತುರುಬು, ಕೊರಳಲ್ಲಿ ದಾರಕ್ಕೆ ಕಟ್ಟಿದ ಗಾಡಿಯ ಕೀಲಿ. ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತಳಾದವಳು. ಬಂದ ದಿನದಿಂದಲೇ ಸಾಲಿನವರೆಲ್ಲ ಅವಳನ್ನು ಡ್ರೈವರಕ್ಕ ಎನ್ನತೊಡಗಿದರು. ಬಡಗಿ ಎರಡು ವರ್ಷದ ಹಿಂದೆ ಕಟ್ಟಿದ ಗಾಡಿ ಅವಳದು.

"ಏನೋ ಬಡಗಿ, ಇನ್ನೂ ಬದುಕಿದ್ದೀಯಾ?" ಎನ್ನುತ್ತ ಅವಳು ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಅವನ ಲೋಟದಲ್ಲೇ ನೀರು ಕುಡಿದಳು. ಕೇಳದೆ ಹೊಸ ವ್ಯಾನಿಗೆ ಹತ್ತಿದಳು. ಶೂ ಬಿಚ್ಚಲಿಲ್ಲ.

ಸೂಜಿ ತನ್ನ ಬಾಗಿಲಿನಿಂದ ನೋಡುತ್ತಿದ್ದಳು. ಡ್ರೈವರಕ್ಕ ಅಡುಗೆಕಟ್ಟೆಯ ಮುಂದೆ ನಿಂತು ಎರಡು ಕೈಯನ್ನೂ ಅದರ ಮೇಲಿಟ್ಟಳು. ಮೊಣಕೈ ಸರಿಯಾಗಿ ಕಟ್ಟೆಯ ಅಂಚಿಗೆ ಕೂತಿತು. ಕನ್ನಡಿಯಲ್ಲಿ ಮುಖ ಸರಿಯಾಗಿ ನಡುವೆ ಬಂತು.

ಬೆರಳಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

'ಓ. ಇವಳು.'

ಆ ಹೊತ್ತು ಅವಳ ಹೊಟ್ಟೆಯಲ್ಲಿ ಎದ್ದದ್ದು ಕಿಚ್ಚಲ್ಲ, ಕಾಳ್ಗಿಚ್ಚು. ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ದೊಡ್ಡವಳು ಎಂದು ಬುದ್ಧಿ ಹೇಳಿತು. 'ಆದರೇನಂತೆ,' ಎಂದಿತು ಹೊಟ್ಟೆ. ಹೊಟ್ಟೆಗೆ ಗಣಿತ ಬರುವುದಿಲ್ಲ. ಅವಳ ನಗು ಜೋರೆಂದು ಸಿಟ್ಟು ಬಂತು. ಅವಳ ನಡಿಗೆ ಯಾರಪ್ಪನ ಅಪ್ಪಣೆಗೂ ಕಾಯದ ನಡಿಗೆ ಎಂದು ಸಿಟ್ಟು ಬಂತು. ಕೊರಳಲ್ಲಿ ತೂಗುವ ಆ ಕೀಲಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾಕೆಂದು ಅವಳು ಕೇಳಿಕೊಳ್ಳಲಿಲ್ಲ.

ಆ ಸಂಜೆಯೇ ಮೆತ್ತೆಗೆ ಕೈ ಹಾಕಿದಳು. ಒಂದೇ ಮೆತ್ತೆ ಎಂದಿದ್ದ. ಅವಳು ಫೋಮನ್ನು ನಡುವೆ ಸೀಳಿದಳು. ಒಂದು ಕಡೆ ಅವನಿಗೆ, ಒಂದು ಕಡೆ ಆ ಉದ್ದನೆಯವಳಿಗೆ. ನಡುವೆ ಗಟ್ಟಿ ರೆಕ್ಸಿನ್ ಮಡಚಿ ತುರುಕಿ, ಕೆರೆಯ ಏರಿಯಂತೆ ಗೇಣಗಲ ದಿಬ್ಬ ಎಬ್ಬಿಸಿ, ಲಾರಿಯ ಸೀಟಿಗೆ ಹಾಕುವ ದಪ್ಪ ದಾರದಲ್ಲಿ ಮೂರು ಸುತ್ತು ಹೊಲಿದಳು. ಆ ಏರಿ ದಾಟಿ ಬೆಕ್ಕೂ ಆಚೆ ಹೋಗುವಂತಿರಲಿಲ್ಲ.

ಹದಿನೈದು ವರ್ಷದಲ್ಲಿ ಅವಳು ಮೊದಲ ಸಲ ಕೆಟ್ಟ ಕೆಲಸ ಮಾಡಿದಳು. ಬಲು ಅಚ್ಚುಕಟ್ಟಾಗಿ ಮಾಡಿದಳು.

ಮರುದಿನ ಅದನ್ನು ಮಂಚದ ಮೇಲೆ ಹಾಕಿ ಬಂದಳು. ಬಡಗಿ ನೋಡಿದ. ಏರಿಯ ಮೇಲೆ ಕೈ ಸವರಿದ. ಏನಾದರೂ ಅಂದಾನು, ಅಂದರೆ ಒಂದಕ್ಕೆ ಹತ್ತು ಕೊಡೋಣ ಎಂದು ಅವಳು ಸಿದ್ಧಳಾಗಿದ್ದಳು. ಅವನು 'ಸರಿ' ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

ಅವನು ಮಾತಿಗಿಂತ ಕೈಕೆಲಸವನ್ನು ಓದುವ ಮನುಷ್ಯ. ಅವಳಿಗೆ ಎಲ್ಲ ಗೊತ್ತಾಗಿದೆ, ಇದು ಅವಳ ಉತ್ತರ ಎಂದು ಆ ಹೊಲಿಗೆಯನ್ನು ಓದಿಕೊಂಡ. ಜೊತೆಗೆ ಬಂದರೂ ನಡುವೆ ಗೋಡೆ ಇರುತ್ತದೆ. ಅದರ ಅರ್ಥ, ಬರುವುದಿಲ್ಲ.

ಆವತ್ತು ಮಧ್ಯಾಹ್ನ ಮೂರಕ್ಕೆ ಅವನು ಚಹಾಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಸೋಮವಾರ ಬೆಳಿಗ್ಗೆ ಹೊರಡುತ್ತಾನಂತೆ ಎಂದು ಬಣ್ಣದ ಶೆಡ್ಡಿನವನು ಅಣ್ಣನಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಆಗ ಶುಕ್ರವಾರ. ಅವಳು ಮಷೀನು ನಿಲ್ಲಿಸಿದಳು. ತಗಡಿನಾಚೆ ಉಜ್ಜುಗೊರಡು ನಿಲ್ಲಲಿಲ್ಲ.

ಶನಿವಾರ ಡ್ರೈವರಕ್ಕ ತನ್ನ ಸೀಟು ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಇವಳ ಶೆಡ್ಡಿಗೇ ಬಂದಳು. ಕೆಳಗೆ ಬೆನ್ನು ಹಿಡಿಯುತ್ತದೆ, ಅಲ್ಲಿಗೆ ಸ್ವಲ್ಪ ಫೋಮ್ ಕೊಡಬೇಕೆಂದಳು.

ಸವತಿಯ ಸೀಟು ಹೊಲಿಯುವ ಯೋಗ! ಸೂಜಿ ಹಲ್ಲು ಕಚ್ಚಿಕೊಂಡು ಅಳತೆ ಹಿಡಿದಳು. ಡ್ರೈವರಕ್ಕ ಮಾತ್ರ ಫೋಮಿನ ರಾಶಿಯ ಮೇಲೆ ಕೂತು, ಕೇಳಿದವರಿಗೆ ಹೇಳುವಂತೆ ತನ್ನ ಕಥೆ ಹೇಳಿಕೊಂಡಳು. ಗಂಡಸರ ಮೈಗೆ ಮಾಡಿದ ಸೀಟಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಬೆನ್ನಿನ ಮೂಳೆ ಸವೆಯಿತಂತೆ. ಡಿಪೋದಲ್ಲಿ ಸೀಟು ಮುಂದಕ್ಕೆ ಹಾಕಿಕೊಡಿ ಎಂದು ಅರ್ಜಿ ಕೊಟ್ಟರೆ, ಕಷ್ಟವಾದರೆ ಮನೆಯಲ್ಲಿರಮ್ಮ ಎಂದರಂತೆ. ನಿವೃತ್ತಿಯ ದಿನ ಹಾರ ಹಾಕಿದರಂತೆ, ಸೀಟು ಮಾತ್ರ ಹಾಗೇ ಇತ್ತಂತೆ.

"ಹಾರದಿಂದ ಬೆನ್ನು ನೋವು ಹೋಗುತ್ತಾ, ತಂಗಿ?"

ಸೂಜಿಗೆ ತಡೆಯಲಾಗದೆ ನಗು ಬಂತು. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಈ ಹೆಂಗಸನ್ನು ದ್ವೇಷಿಸುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ.

ಫೋಮು ಕತ್ತರಿಸುತ್ತಲೇ ಕೊನೆಗೆ ಮಾತು ತೆಗೆದಳು. ಪಕ್ಕದ ಗಾಡಿಯ ಅಡುಗೆಕಟ್ಟೆ ನಿಮಗೆ ಚೆನ್ನಾಗಿ ಹೊಂದುತ್ತಲ್ಲ, ಎಂದಳು.

"ಹೊಂದುತ್ತೆ ಕಣೆ. ನನಗೂ ಆಶ್ಚರ್ಯ." ಡ್ರೈವರಕ್ಕ ದನಿ ತಗ್ಗಿಸಿದಳು. "ಯಾರಿಗೋ ಕಟ್ಟಿದ್ದಾನೆ ಆಸಾಮಿ. ಅವಳು ನನ್ನಷ್ಟೇ ಉದ್ದ ಇರಬೇಕು. ಯಾರೋ ಅದು ಅಂತ ಕಿವಿ ಹಿಂಡಿ ಕೇಳಿದೆ. ಬಾಯಿ ಬಿಡ್ಲಿಲ್ಲ. ಈಗ ನೋಡಿದ್ರೆ ಅವಳು ಬರಲ್ಲ ಅಂದ್ಲಂತೆ. ಮುಖ ನೋಡೋಕಾಗಲ್ಲ ಅವನದು."

ಸೂಜಿ ಕತ್ತರಿಯನ್ನು ಕೆಳಗಿಟ್ಟಳು.

ಇವಳಲ್ಲ. ಹಾಗಾದರೆ ಇನ್ನೊಬ್ಬಳಿದ್ದಾಳೆ. ಯಾರೂ ನೋಡದವಳು. ಇಂಥ ಮನೆ ಕಟ್ಟಿಸಿಕೊಂಡು, ಬರುವುದಿಲ್ಲ ಎಂದವಳು! ಇಷ್ಟು ದಿನ ಉರಿದ ಕಿಚ್ಚು ಈಗ ದಿಕ್ಕು ತಪ್ಪಿ ಎಲ್ಲ ಕಡೆಗೂ ಹತ್ತಿಕೊಂಡಿತು. ತನಗೆ ಸಿಕ್ಕಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದುದನ್ನು ಯಾರೋ ಒಬ್ಬಳು ಬೇಡವೆಂದು ಎಸೆದಿದ್ದಾಳೆ.

ಡ್ರೈವರಕ್ಕ ಸೀಟು ಹೊತ್ತುಕೊಂಡು ಹೋದ ಮೇಲೆ ಅವಳು ನೆಲದ ಫೋಮಿನ ಚೂರು ಬಳಿದು ರಾಶಿಗೆ ಹಾಕಿದಳು. ಒಂದು ಮಾತು ಮೆಲ್ಲಗೆ ಒಳಗಿನಿಂದ ಎದ್ದು ಬಂತು. ಡ್ರೈವರಕ್ಕನ ಮೇಲೆ ತನಗಿದ್ದ ಉರಿ ಅವನಿಗೋಸ್ಕರ ಅರ್ಧವೇ. ಉಳಿದ ಅರ್ಧ ಆ ಕೀಲಿಗೆ. ಯಾರನ್ನೂ ಕೇಳದೆ ಹತ್ತುವ, ಇಳಿಯುವ, ಹೊರಡುವ ಆ ಹಕ್ಕಿಗೆ. ಅವನು ನಾಳೆ ಸಿಕ್ಕಿದರೂ ಆ ಅರ್ಧ ಆರುವುದಿಲ್ಲ.

ಭಾನುವಾರ ಬೆಳಿಗ್ಗೆ ಸಾಲಿನ ಶೆಡ್ಡುಗಳಿಗೆ ರಜೆ. ಬಡಗಿ ವ್ಯಾನಿನೊಳಗೆ ಸಾಮಾನು ಜೋಡಿಸುತ್ತಿದ್ದ. ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಮೂಲೆಯಲ್ಲಿದ್ದ ಗಿಡ್ಡ ಕೋಲನ್ನು ಎತ್ತಿ ಅವನ ಮುಂದೆ ಹಿಡಿದಳು.

"ಯಾರಿವಳು?"

ಅವನು ಕೋಲು ನೋಡಿದ. ಅವಳನ್ನು ನೋಡಿದ.

"ಆಟ ಆಡ್ಬೇಡ," ಎಂದ. "ಉತ್ತರ ಕೊಟ್ಟಾಯ್ತಲ್ಲ."

"ನಾನೇನು ಕೊಟ್ಟೆ? ಯಾರು ಇವಳು ಅಂದೆ."

"ನೀನು."

ಅವಳು ಅಡುಗೆಕಟ್ಟೆಯ ಮುಂದೆ ಹೋಗಿ ನಿಂತು ಕೈ ಮಡಚಿದಳು. ಕಟ್ಟೆ ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ಹೆಚ್ಚುಕಡಿಮೆ ಎದೆಯ ಹತ್ತಿರ. ಕನ್ನಡಿಯಲ್ಲಿ ಕಂಡದ್ದು ಅವಳ ಹಣೆ, ಅದರ ಮೇಲೊಂದು ತುರುಬು.

ಬಡಗಿ ಕೋಲು ಕಿತ್ತುಕೊಂಡು ಅವಳ ಪಕ್ಕಕ್ಕೆ ಹಿಡಿದ. ತಿರುಗಿಸಿ ಹಿಡಿದ. ಏನೋ ಹೊಳೆದವನಂತೆ ಜಿಗಿದು ಇಳಿದು ಅವಳ ಶೆಡ್ಡಿಗೆ ಓಡಿದ. ಅವಳು ಹಿಂದೆಯೇ ಹೋದಳು. ಮೇಜಿನ ಬುಡದ ಫೋಮಿನ ರಾಶಿಯನ್ನು ಕಾಲಿನಿಂದ ಸರಿಸಿದ. ಹಲಗೆ ಕಂಡಿತು. ನಡುವೆ ಎರಡು ಪಾದದ ಆಕಾರಕ್ಕೆ ಸವೆದುಹೋಗಿದ್ದ ಹಲಗೆ.

ಅವನು ಅದರ ಮುಂದೆ ಕುಕ್ಕರಿಸಿ ಕೂತುಬಿಟ್ಟ. ಮೂರು ಗಾಡಿ ಕಟ್ಟಿದವನು, ಕೂದಲೆಳೆ ತಪ್ಪಿದರೂ ಬಾಗಿಲು ಕಿತ್ತು ಮತ್ತೆ ಕೂಡಿಸುವವನು, ಇಡೀ ಮನೆಯನ್ನೇ ನಾಲ್ಕು ಬೆರಳು ತಪ್ಪಾಗಿ ಕಟ್ಟಿದ್ದ. ಹೇಗೆ ಅಳೆದೆನೆಂದು ತೊದಲುತ್ತ ಹೇಳಿದ. ಬಾಗಿಲು, ಮೊಳೆ, ಊಟದ ಹೊತ್ತು, ಎಲ್ಲ ಹೇಳಿದ.

ಅವಳಿಗೆ ಮೊದಲು ನಗು ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಕಣ್ಣು ತುಂಬಿದ್ದು ಯಾವುದಕ್ಕೆಂದು ಅವಳಿಗೂ ತಿಳಿಯಲಿಲ್ಲ.

"ಕೇಳಿದ್ರೆ ಇಳೀತಿದ್ದೆ," ಎಂದಳು.

ಅವನು ತಲೆ ಎತ್ತಿದ.

"ಒಂದು ಮಾತು ಕೇಳಿದ್ರೆ ಹಲಗೆಯಿಂದ ಕೆಳಗಿಳಿದು ನಿಲ್ತಿದ್ದೆ. ನನ್ನ ಮೊಣಕೈ ಎಲ್ಲಿಗೆ ಬರುತ್ತೆ ಅಂತ ತಿಳ್ಕೊಳ್ಳೋಕೆ ದಿನಗಟ್ಟಲೆ ಬಾಗಿಲಲ್ಲಿ ನಿಂತೆ. ಬರೋಕೆ ಇಷ್ಟ ಇದೆಯಾ ಅಂತ ಕೇಳೋಕೆ ಒಂದು ನಿಮಿಷ ನಿಲ್ಲಲಿಲ್ಲ. ನಮ್ಮಪ್ಪನೂ ಕೇಳ್ಲಿಲ್ಲ, ಹಲಗೆ ಹಾಕಿದ. ಅಣ್ಣನೂ ಕೇಳ್ಲಿಲ್ಲ, ಬೋರ್ಡು ಬರೆಸಿದ. ನೀನೂ ಕೇಳ್ಲಿಲ್ಲ, ಮನೆ ಕಟ್ಟಿದೆ. ನನಗೆ ಕಟ್ಟಿದ ಮನೆ, ನನಗೇ ಎಟುಕಲ್ಲ."

ಬಡಗಿ ಹಲಗೆಯ ಸವೆದ ಜಾಗದ ಮೇಲೆ ಕೈ ಸವರಿದ. ಅಂಥ ಮಾತಿಗೆ ಸಮಜಾಯಿಷಿ ಇಲ್ಲವೆಂದು ತಿಳಿಯುವಷ್ಟು ಬುದ್ಧಿ ಅವನಿಗಿತ್ತು.

"ತಪ್ಪಾಯ್ತು," ಎಂದ. ಆಮೇಲೆ ಕೇಳಿದ, "ಹಾಗಾದ್ರೆ ಆ ಮೆತ್ತೆ? ನಡುವೆ ಆ ಏರಿ? ನಾನು ಅದೇ ನಿನ್ನ ಉತ್ತರ ಅಂದ್ಕೊಂಡೆ."

"ಪ್ರಶ್ನೆನೇ ಕೇಳದೆ ಉತ್ತರ ಬೇರೆ ಓದ್ಕೊಂಡ್ಯಾ?"

"ಮತ್ತೇನು ಅದು?"

ಈಗ ತಲೆ ತಗ್ಗಿಸುವ ಸರದಿ ಅವಳದು. ಡ್ರೈವರಕ್ಕನ ಮೊಣಕೈ, ಕನ್ನಡಿ, ದಪ್ಪ ದಾರ, ಮೂರು ಸುತ್ತು ಹೊಲಿಗೆ, ಒಂದೊಂದಾಗಿ ಒಪ್ಪಿಕೊಂಡಳು. "ಹೊಟ್ಟೆಕಿಚ್ಚು," ಎಂದಳು ಕೊನೆಗೆ. "ನಾಲ್ಕು ಬೆರಳು ಎತ್ತರದ ಒಬ್ಬಳ ಮೇಲೆ. ಹದಿನೈದು ದಿನ ಅನ್ನ ಸೇರಿಲ್ಲ ನನಗೆ."

ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಅಲ್ಲಿಂದ ಹೋಗಿಬಿಡುತ್ತಿದ್ದಳು. ಎದ್ದು ನಿಂತು, ಒಂದು ಹೆಜ್ಜೆ ದೂರದಲ್ಲೇ ಉಳಿದು ಕೇಳಿದ.

"ನನ್ನ ಜೊತೆ ಬರ್ತೀಯಾ?"

ಎಷ್ಟು ಚಿಕ್ಕ ಮಾತು. ಆದರೆ ಅವಳ ಜನ್ಮದಲ್ಲಿ ಯಾರಾದರೂ ಅವಳ ಇಷ್ಟ ಕೇಳಿದ್ದು ಅದೇ ಮೊದಲು. ಅವಳು ಉತ್ತರವನ್ನು ಬಾಯಲ್ಲಿ ಇಟ್ಟುಕೊಂಡೇ ಸ್ವಲ್ಪ ಹೊತ್ತು ಸವಿದಳು.

"ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳೋಕೆ ಬರಲ್ಲ," ಎಂದಳು. "ಓಡಿಸೋಕೆ ಬರ್ತೀನಿ."

ಷರತ್ತುಗಳನ್ನು ಹೇಳಿದಳು. ಗಾಡಿ ಇಬ್ಬರದೂ ಆಗಬೇಕು, ಕಾಗದದಲ್ಲೂ. ಅವಳ ಮಷೀನಿಗೆ ಒಳಗೆ ಜಾಗ ಬೇಕು, ದಾರಿಯಲ್ಲಿ ಸೀಟು ಹೊಲಿದು ತನ್ನ ಅನ್ನ ತಾನು ದುಡಿಯುತ್ತಾಳೆ. ಅವಳು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಳ್ಳುವವರೆಗೆ ಗಾಡಿ ಶೆಡ್ಡು ಬಿಟ್ಟು ಕದಲಬಾರದು. ಅವನು ಒಂದೊಂದಕ್ಕೂ ತಲೆಯಾಡಿಸಿದ.

"ಸೋಮವಾರ ಹೊರಡ್ತೀನಿ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ," ಎಂದ.

"ಯಾವ ಸೋಮವಾರ ಅಂತ ಹೇಳಿಲ್ಲವಲ್ಲ."

ಮನೆಯಲ್ಲಿ ವಿಷಯ ತಿಳಿದಾಗ ಅಣ್ಣ ಕೂಗಾಡಿದ. ಮದುವೆಯಾಗದ ತಂಗಿ ಗಂಡಸಿನ ಜೊತೆ ಗಾಡಿ ಏರಿ ಹೋದರೆ ಜನ ಏನೆಂದಾರು ಎಂದ. ಹೋಗುವ ಮೊದಲು ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿಯೇ ಹೋಗುತ್ತೇವೆ ಎಂದು ತಂಗಿ ಹೇಳಿದಳು. ಆಗ ಅವನ ಬಾಯಿಂದ ನಿಜವಾದ ಅಳಲು ಬಿತ್ತು. ಶೆಡ್ಡಿನಲ್ಲಿ ಹೊಲಿಯುವವರು ಯಾರು?

"'ಮತ್ತು ಮಗ' ಅಂತ ಬರೆಸಿದ್ದೀರಲ್ಲ, ಮಗ ಹೊಲೀಲಿ," ಎಂದದ್ದು ತಂಗಿಯಲ್ಲ, ಅತ್ತಿಗೆ. ಅಣ್ಣ ದಂಗಾಗಿ ಹೆಂಡತಿಯ ಮುಖ ನೋಡಿದ.

ಅತ್ತಿಗೆ ನಾದಿನಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು.

"ನಿನ್ನ ಮೇಲೆ ನನಗೆ ಎಷ್ಟು ಹೊಟ್ಟೆ ಉರೀತಿದೆ ಗೊತ್ತೇನೇ," ಎಂದಳು. "ಹೋಗು. ನಾನು ಹೊಟ್ಟೆ ಉರ್ಕೊಂಡದ್ದು ದಂಡ ಆಗಬಾರದು, ಹಾಗೆ ಬದುಕು."

ಅದಕ್ಕಿಂತ ದೊಡ್ಡ ಆಶೀರ್ವಾದ ಅವಳಿಗೆ ಯಾರೂ ಕೊಡಲಿಲ್ಲ.

ಡ್ರೈವರಕ್ಕ ಎರಡೂವರೆ ತಿಂಗಳು ಪಕ್ಕದಲ್ಲಿ ಕೂತು, ಬೈದು, ತಲೆಗೆ ಮೊಟಕಿ ಕಲಿಸಿದಳು. ಅಷ್ಟರಲ್ಲಿ ಬಡಗಿ ಕಟ್ಟೆ, ಕನ್ನಡಿ, ಕಪಾಟು ಎಲ್ಲ ಕಿತ್ತು ಮತ್ತೆ ಕೂಡಿಸಿದ. ಒಂದೊಂದು ಮೊಳೆ ಹೊಡೆಯುವ ಮೊದಲೂ ತಗಡು ತಟ್ಟಿ ಅವಳನ್ನು ಕರೆಯುತ್ತಿದ್ದ. ಏರಿಯ ಹೊಲಿಗೆಯನ್ನು ಅವಳು ತಾನೇ ಬಿಚ್ಚಿದಳು. ತನ್ನ ಕೈಯ ಗಟ್ಟಿತನವನ್ನು ಬೈದುಕೊಳ್ಳುತ್ತ ಒಂದು ಇಡೀ ದಿನ ಬಿಚ್ಚಿದಳು.

ಕೊನೆಗೂ ಒಂದು ಸೋಮವಾರ ಸಮುದ್ರದ ಕಡೆಗೆ ಹೊರಟರು.

ಮೂರನೆಯ ದಿನ, ಬೆಟ್ಟದ ಬುಡದ ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ್ದಾಗ, ಕಾರಿನಿಂದ ಇಳಿದ ಯುವತಿಯೊಬ್ಬಳು ವ್ಯಾನಿನ ಒಳಗೆ ಇಣುಕಿದಳು. ಬಡಗಿ ಉತ್ಸಾಹದಿಂದ ಕಪಾಟು ತೆರೆದು, ಮಂಚ ಮಡಚಿ, ಎಲ್ಲ ತೋರಿಸಿದ. ಇದನ್ನೆಲ್ಲ ನೀವೇ ಮಾಡಿದ್ರಾ, ಎಂದು ಆ ಹುಡುಗಿ ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅವನು ನಾಚಿದ.

ಗಾಡಿ ಮತ್ತೆ ರಸ್ತೆಗೆ ಬಂತು. ಸ್ಟಿಯರಿಂಗ್ ಹಿಡಿದವಳು ಎರಡು ಮೈಲಿ ಓಡಿಸಿದಳು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಹೊಟ್ಟೆಕಿಚ್ಚಾಗ್ತಿದೆ ನನಗೆ. ಹೊಲಿಯೋಕೆ ಹೋಗಲ್ಲ, ಬಾಯಲ್ಲೇ ಹೇಳ್ತಿದ್ದೀನಿ."

"ಒಳ್ಳೇದಾಯ್ತು," ಎಂದ ಅವನು. "ನನಗೂ ಬೆಳಗ್ಗೆಯಿಂದ ಆಗ್ತಿದೆ."

"ನಿನಗಾ? ಯಾರ ಮೇಲೆ?"

"ಆ ಸ್ಟಿಯರಿಂಗ್ ಮೇಲೆ. ಮೂರು ದಿನದಿಂದ ನಿನ್ನ ಎರಡು ಕೈಯೂ ಅದರದ್ದೇ."

ಅವಳು ನಗಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದಳು, ಮುಂದೆ ನೋಡಿದಳು. ರಸ್ತೆ ನೇರವಾಗಿತ್ತು, ಖಾಲಿಯಿತ್ತು. ಎಡಗೈ ತೆಗೆದು ಅವನ ಮಡಿಲಲ್ಲಿಟ್ಟಳು.

"ಇಟ್ಕೊಳ್ಲಾ?" ಎಂದು ಕೇಳಿದ.

"ಮುಂದಿನ ತಿರುವಿನ ತನಕ," ಎಂದಳು. "ಆಮೇಲೆ ಗೇರ್ ಹಾಕ್ಬೇಕು."